ಕೊಳ್ಳೇಗಾಲದ ರಸ್ತೆಗೆ ಇಟಲಿ ಬಂದ ಬಗೆ

ಹಳೆಯ ಇಟಾಲಿಯನ್ ಮೋಟರ್‌ಸೈಕಲ್ ಎಂದೊಡನೆ ಗಾಡಿಪ್ರಿಯರ ಬಾಯಲ್ಲಿ ಬರುವ ಹೆಸರುಗಳು ನಾಲ್ಕೈದು. ಕೋಮೊ ಸರೋವರದ ದಂಡೆಯ ಮಾಂಡೆಲ್ಲೊದಲ್ಲಿ 1921ರಿಂದ ತಯಾರಾಗುತ್ತಿರುವ ಮೋಟೊ ಗುತ್ಸಿ, ಬೊಲೊನ್ಯಾದ ಡುಕಾಟಿ, ಪೆಸಾರೊದ ಬೆನೆಲ್ಲಿ, ಜಾಕೊಮೊ ಅಗೊಸ್ಟಿನಿಗೆ ವಿಶ್ವ ಚಾಂಪಿಯನ್ ಪಟ್ಟಗಳನ್ನು ಸಾಲುಸಾಲಾಗಿ ಗೆದ್ದುಕೊಟ್ಟ ಎಂವಿ ಅಗುಸ್ಟಾ. ಇವುಗಳಲ್ಲಿ ಒಂದೂ ಆ ಕಾಲದಲ್ಲಿ ಭಾರತದಲ್ಲಿ ತಯಾರಾಗಲಿಲ್ಲ. 1950ರ ದಶಕದಲ್ಲಿ ಸರ್ಕಾರ ಪೂರ್ತಿ ಸಿದ್ಧವಾದ ವಾಹನಗಳ ಆಮದನ್ನು ತಡೆದು, ಇಲ್ಲೇ ಕಾರ್ಖಾನೆ ಹಾಕುವವರಿಗಷ್ಟೇ ಲೈಸೆನ್ಸ್ ಕೊಟ್ಟಿತು. ಮೋಟರ್‌ಸೈಕಲ್ ಪೈಕಿ ಇಂಗ್ಲೆಂಡಿನ ಎನ್‌ಫೀಲ್ಡ್ ಮದ್ರಾಸಿಗೆ ಬಂತು, ಜೆಕೊಸ್ಲೊವಾಕಿಯಾದ ಜಾವಾ ಮೈಸೂರಿಗೆ ಬಂತು, ಪೋಲೆಂಡಿನ ಒಂದು ಗಾಡಿ ರಾಜದೂತ್ ಎಂಬ ಹೆಸರು ಹೊತ್ತು ಉತ್ತರ ಭಾರತದಲ್ಲಿ ತಯಾರಾಯಿತು. ಇಟಲಿಯಿಂದ ಬಂದದ್ದು ಸ್ಕೂಟರು.

ಆದ್ದರಿಂದ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಹಳೆಯ ಇಟಾಲಿಯನ್ ಗಾಡಿ ಇಟ್ಟುಕೊಳ್ಳುವುದು, ಅದನ್ನು ಹದಕ್ಕೆ ತರುವುದು, ಓಡಿಸುವುದು ಎಂದರೇನು ಎಂದು ವಿಚಾರಿಸಲು ಹೊರಟವರು ರೇಸಿನ ಗಾಡಿಗಳನ್ನು ಬದಿಗಿಟ್ಟು ವೆಸ್ಪಾ, ಲ್ಯಾಂಬ್ರೆಟಾ ಮತ್ತು ಲೂನಾಗಳ ವಂಶವನ್ನೇ ನೋಡಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಟಲಿಯ ಎಂಜಿನಿಯರುಗಳು ಮಾಡಿದ ಅತ್ಯುತ್ತಮ ಕೆಲಸಗಳಲ್ಲಿ ಕೆಲವು ನಮ್ಮ ಹಿತ್ತಲುಗಳಲ್ಲಿ, ಹಸುವಿನ ಕೊಟ್ಟಿಗೆಯ ಪಕ್ಕದಲ್ಲಿ ಧೂಳು ಹಿಡಿದು ನಿಂತಿವೆ. ನಾಲ್ಕು ದಶಕ ಮನೆಮಂದಿಯನ್ನೆಲ್ಲ ಹೊತ್ತು ದುಡಿದವೆಂಬ ಕಾರಣಕ್ಕೇ ಅವನ್ನು ನಾವು ಅಮೂಲ್ಯವೆಂದು ಎಣಿಸಲಿಲ್ಲ.

ವೆಸ್ಪಾ ರೂಪಿಸಿದ ಕೊರಾಡಿನೊ ದಾಸ್ಕಾನಿಯೊ ಮೂಲತಃ ವಿಮಾನದ ಎಂಜಿನಿಯರ್. 1930ರಲ್ಲೇ ಅವರ ಹೆಲಿಕಾಪ್ಟರ್ ಎತ್ತರ ಮತ್ತು ದೂರದ ದಾಖಲೆ ಮಾಡಿತ್ತು. ಮೋಟರ್‌ಸೈಕಲ್ ಅವರಿಗೆ ಇಷ್ಟವಿರಲಿಲ್ಲ: ಚೈನಿನ ಎಣ್ಣೆ ಬಟ್ಟೆಗೆ ಹತ್ತುತ್ತದೆ, ಕಾಲು ಹಾರಿಸಿ ಹತ್ತಬೇಕು, ಪಂಕ್ಚರ್ ಆದರೆ ಚಕ್ರ ಬಿಚ್ಚುವುದೇ ಒಂದು ಯಜ್ಞ. ಯುದ್ಧದಲ್ಲಿ ನೆಲಸಮವಾದ ಪಿಯಾಜಿಯೊ ಕಂಪನಿಯ ವಿಮಾನ ಕಾರ್ಖಾನೆಗೆ ಹೊಸ ಕೆಲಸ ಬೇಕಿತ್ತು. 1946ರಲ್ಲಿ ಪೊಂಟೆಡೆರಾದಿಂದ ಹೊರಬಂದ 98 ಸಿಸಿ ಗಾಡಿಯಲ್ಲಿ ಆ ಮೂರು ದೂರುಗಳಿಗೂ ಉತ್ತರವಿತ್ತು. ಚೈನೇ ಇಲ್ಲ, ಎಂಜಿನ್ ನೇರವಾಗಿ ಹಿಂದಿನ ಚಕ್ರವನ್ನೇ ತಿರುಗಿಸುತ್ತದೆ. ಬೇರೆ ಚಾಸಿ ಇಲ್ಲ, ತಗಡಿನ ಮೈಯೇ ಚಾಸಿ, ಹಾಗಾಗಿ ಕಾಲು ಹಾರಿಸದೆ ಹತ್ತಬಹುದು. ಮುಂದಿನ ಚಕ್ರವನ್ನು ವಿಮಾನದ ಚಕ್ರದಂತೆ ಒಂದೇ ಬದಿಯಿಂದ ಹಿಡಿದಿದ್ದಾರೆ, ಕಾರಿನ ಚಕ್ರದ ಹಾಗೆ ನಟ್ಟು ಬಿಚ್ಚಿ ಬದಲಾಯಿಸಬಹುದು. ಮರುವರ್ಷ ಮಿಲಾನಿನ ಲಾಂಬ್ರಾಟೆ ಬಡಾವಣೆಯಲ್ಲಿ ಫರ್ಡಿನಾಂಡೊ ಇನ್ನೊಚೆಂಟಿಯ ಕಾರ್ಖಾನೆ ಲ್ಯಾಂಬ್ರೆಟಾ ಹೊರತಂದಿತು. ಇನ್ನೊಚೆಂಟಿಯದು ಉಕ್ಕಿನ ಕೊಳವೆಗಳ ವ್ಯಾಪಾರ, ಹಾಗಾಗಿ ಅವರ ಸ್ಕೂಟರಿಗೆ ಕೊಳವೆಯ ಚಾಸಿ, ಅದರ ಮೇಲೆ ತಗಡಿನ ಹೊದಿಕೆ. ವೆಸ್ಪಾದ ಎಂಜಿನ್ ಬಲಗಡೆಗೆ ವಾಲಿಕೊಂಡಿದ್ದರೆ ಲ್ಯಾಂಬ್ರೆಟಾದ್ದು ನಡುವೆಯೇ ಕೂತಿದೆ. ಎರಡೂ ಗಾಡಿ ಓಡಿಸಿದವರ ತೋಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಇವು ಇಲ್ಲಿಗೆ ಬಂದ ದಾರಿ ಸ್ವಲ್ಪ ಉದ್ದದ್ದು. ಬಾಂಬೆಯ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ 1950ರ ದಶಕದಲ್ಲೇ ಲ್ಯಾಂಬ್ರೆಟಾ ಜೋಡಿಸತೊಡಗಿತು. ಪುಣೆಯ ಬಜಾಜ್ 1960ರಲ್ಲಿ ಪಿಯಾಜಿಯೊ ಜೊತೆ ಒಪ್ಪಂದ ಮಾಡಿಕೊಂಡು ವೆಸ್ಪಾ ತಯಾರಿಸಿತು. 1971ರಲ್ಲಿ ಒಪ್ಪಂದ ಮುಗಿದ ಮೇಲೆ ಅದೇ ವಿನ್ಯಾಸಕ್ಕೆ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು 1972ರಲ್ಲಿ ಚೇತಕ್ ಬಿಟ್ಟಿತು. ಅದೇ ವರ್ಷ ಭಾರತ ಸರ್ಕಾರ ಇನ್ನೊಚೆಂಟಿಯ ಸ್ಕೂಟರ್ ಯಂತ್ರೋಪಕರಣಗಳನ್ನೆಲ್ಲ ಕೊಂಡು ಲಖನೌಗೆ ಸಾಗಿಸಿ ಸ್ಕೂಟರ್ಸ್ ಇಂಡಿಯಾ ಸ್ಥಾಪಿಸಿತು. ಅಲ್ಲಿಂದ ವಿಜಯ್ ಸೂಪರ್ ಬಂತು. ಅಲ್ಲೇ ತಯಾರಾದ ಲ್ಯಾಂಬ್ರೆಟಾ ಜಿಪಿಯನ್ನು ಯುರೋಪಿನ ಅಭಿಮಾನಿಗಳು ತರಿಸಿಕೊಂಡು ಓಡಿಸಿದರು. ಪಿಯಾಜಿಯೊದ ಚಾವ್ ಎಂಬ ಪೆಡಲ್ ಗಾಡಿಯ ಲೈಸೆನ್ಸ್ ಪಡೆದು ಕೈನೆಟಿಕ್ ಲೂನಾ ಮಾಡಿದ್ದೂ 1972ರಲ್ಲೇ. ಆಮೇಲೆ ಕಾನ್ಪುರದ ಎಲ್‌ಎಂಎಲ್ ವೆಸ್ಪಾ ಸೇರಿಕೊಂಡಿತು. ನಮ್ಮ ಆಟೋರಿಕ್ಷಾ ಕೂಡ ದಾಸ್ಕಾನಿಯೊ ಅವರ ಅಪೆ ಎಂಬ ಮೂರು ಚಕ್ರದ ಗಾಡಿಯ ಮೊಮ್ಮಗುವೇ.

ಇನ್ನೊಂದು ಗಾಡಿಯನ್ನು ಇಲ್ಲಿ ಮರೆಯಬಾರದು. 1990ರ ದಶಕದಲ್ಲಿ ರಾಯಲ್ ಎನ್‌ಫೀಲ್ಡ್ ಟಾರಸ್ ಎಂಬ ಡೀಸೆಲ್ ಬುಲೆಟ್ ಮಾರಿತು. ಅದರ 325 ಸಿಸಿ ಎಂಜಿನ್ ಗ್ರೀವ್ಸ್ ಕಂಪನಿಯದು, ಮೂಲ ವಿನ್ಯಾಸ ಇಟಲಿಯ ಲೊಂಬಾರ್ಡಿನಿಯದು. ಆರೂವರೆ ಅಶ್ವಶಕ್ತಿ, ಗಂಟೆಗೆ 65 ಕಿ.ಮೀ. ದಾಟಲು ಕಷ್ಟ, ಕೈಕಾಲೆಲ್ಲ ನಡುಗಿಸುವ ಅದುರು. ಆದರೂ ಲೀಟರ್ ಡೀಸೆಲ್‌ಗೆ 70 ಕಿ.ಮೀ. ಮೇಲೆ ಓಡುತ್ತಿದ್ದುದರಿಂದ ಹಳ್ಳಿಯ ರೈತರಿಗೆ ಅದು ಒಗ್ಗಿತು. ಇಟಾಲಿಯನ್ ಎಂಜಿನ್ ಇರುವ ಹಳೆಯ ಮೋಟರ್‌ಸೈಕಲ್ಲೇ ಬೇಕೆಂದು ಹಟ ಹಿಡಿದವರಿಗೆ ನಾನು ತೋರಿಸುವುದು ಇದನ್ನೇ.

ಈ ಸೀಮೆಗೆ ಸ್ಕೂಟರ್ ಯಾಕೆ ಒಪ್ಪಿತು ಎಂಬುದಕ್ಕೆ ಇಲ್ಲಿನ ಬದುಕೇ ಕಾರಣ. ಕೊಳ್ಳೇಗಾಲ ರೇಷ್ಮೆಯ ಊರು. ಗೂಡು, ನೂಲು, ಸೀರೆಯ ಗಂಟು ಎಲ್ಲವೂ ಅಗಲವಾದ, ಹಗುರವಾದ ಸಾಮಾನು. ಮೋಟರ್‌ಸೈಕಲ್ಲಿನ ಟ್ಯಾಂಕಿನ ಮೇಲೆ ಅವನ್ನು ಇಡಲಾಗದು, ಸ್ಕೂಟರಿನ ಕಾಲಡಿಯ ಜಾಗದಲ್ಲಿ ಇಡಬಹುದು. ಸೀರೆ ಉಟ್ಟವರು ಹಿಂದೆ ಒಂದೇ ಬದಿಗೆ ಕೂರಲು ಅನುಕೂಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರೋ ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದು ಮೈಸೂರಿನ ಭಾಗ. ಹೀಗೆ ಎರಡು ರಾಜ್ಯಗಳ ಅಂಚಿನಲ್ಲಿದ್ದ ಸೀಮೆಯ ವ್ಯಾಪಾರಿ ಒಂದು ದಿನ ಮೈಸೂರಿನ ಕಡೆಗೆ, ಇನ್ನೊಂದು ದಿನ ತಮಿಳುನಾಡಿನ ಕಡೆಗೆ ಹೋಗಬೇಕಿತ್ತು. ಚೇತಕ್ ಬುಕ್ ಮಾಡಿದರೆ ಕೈಗೆ ಬರಲು ಹತ್ತು ವರ್ಷ ಕಾಯಬೇಕಿದ್ದ ಕಾಲವೂ ಇತ್ತು. ಅಷ್ಟು ಕಾದು ಪಡೆದ ಗಾಡಿಯನ್ನು ಯಾರೂ ಸುಲಭಕ್ಕೆ ಗುಜರಿಗೆ ಹಾಕಲಿಲ್ಲ. ಮಳೆ ಕಡಿಮೆಯ ಸೀಮೆಯಾದ್ದರಿಂದ ತಗಡು ಕರಾವಳಿಯಲ್ಲಿ ತಿಂದುಹೋದಷ್ಟು ಬೇಗ ಇಲ್ಲಿ ತಿಂದುಹೋಗಲಿಲ್ಲ.

ಹೋಲಿಕೆಗೆ ಜಾವಾ, ಯೆಜ್ಡಿಯ ಕಥೆ ನೋಡಿ. ರುಸ್ತುಂ ಮತ್ತು ಫರ್ರೋಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿತ್ತು. 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು. 1973ರಿಂದ ಯೆಜ್ಡಿ ಹೆಸರಿನಲ್ಲಿ ಗಾಡಿ ಬಂದು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಹೋದರೂ ಗಾಡಿಯ ಜ್ಞಾನ ಉಳಿಯಿತು. ಪ್ರತಿವರ್ಷ ಜುಲೈನ ಎರಡನೇ ಭಾನುವಾರ ಜಾವಾ ದಿನದಂದು ಗಾಡಿಗಳೆಲ್ಲ ಸೇರುತ್ತವೆ. ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾರ ಕೈ ಚೆನ್ನ ಎಂಬ ವಿಷಯ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಕೊಳ್ಳೇಗಾಲದಿಂದ ಮೈಸೂರು ಸುಮಾರು 60 ಕಿ.ಮೀ., ಆದ್ದರಿಂದ ಇಲ್ಲಿನ ಯೆಜ್ಡಿಗೂ ಆ ನೆರಳು ಸಿಕ್ಕಿದೆ. ಸಂಖ್ಯೆಯಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಮಾರಾಟವಾದ ಚೇತಕ್‌ಗಾಗಲಿ, ಅದರ ಜೊತೆಯ ವಿಜಯ್ ಸೂಪರ್‌ಗಾಗಲಿ ಅಂಥ ಬಳಗ ನಮ್ಮ ಕಡೆ ಕಟ್ಟಿಕೊಳ್ಳಲಿಲ್ಲ. ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ. ಪಾಯಿಂಟ್‌ನಿಂದ ಕಿಡಿ ಹೊತ್ತುವ ಹಳೆಯ ಗಾಡಿಗಳ ರಿಪೇರಿ ಕಲಿತ ಮೆಕಾನಿಕ್ಕುಗಳಿಗೆ ವಯಸ್ಸಾಗಿದೆ. ಅವರ ಅಂಗಡಿಯಲ್ಲಿರುವ ಹುಡುಗರು ಈಗ ಕಲಿಯುತ್ತಿರುವುದು ಸೆನ್ಸರ್ ಇರುವ ಗಾಡಿಗಳನ್ನು.

ಗಾಡಿ ಕೊಳ್ಳುವವರಿಗೆ ಮೊದಲ ಮಾತು: ಬಣ್ಣ ನೋಡಿ ಮರುಳಾಗಬೇಡಿ. ತಗಡಿನ ಮೈಯೇ ಚಾಸಿಯಾದ ಗಾಡಿಯಲ್ಲಿ ತುಕ್ಕು ಹಿಡಿದ ಜಾಗಕ್ಕೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ನೋಟಕ್ಕೆ ಹೊಸದು, ಬಲಕ್ಕೆ ಸೊನ್ನೆ. ಕಾಲಿಡುವ ಜಾಗದ ರಬ್ಬರ್ ಪಟ್ಟಿಗಳ ಕೆಳಗೆ, ಬ್ರೇಕ್ ಪೆಡಲಿನ ಸುತ್ತ, ಹಿಂದಿನ ಶಾಕ್ ಅಬ್ಸಾರ್ಬರ್ ಸೇರುವಲ್ಲಿ ಬೆರಳಿನಿಂದ ತಟ್ಟಿ ಸದ್ದು ಕೇಳಬೇಕು. ಅಯಸ್ಕಾಂತ ಹಿಡಿದು ನೋಡಿದರೆ ಪುಟ್ಟಿ ತಾನೇ ಹೇಳುತ್ತದೆ. ವಿದೇಶಗಳಲ್ಲಿ ಭಾರತದಿಂದ ಹೋದ ಮರುಜೋಡಣೆಯ ವೆಸ್ಪಾಗಳಿಗೆ ಕೆಟ್ಟ ಹೆಸರು ಬಂದದ್ದರಲ್ಲಿ ಇಂಥ ಪುಟ್ಟಿಯ ಪಾಲೂ ಇದೆ. ಎರಡನೆಯದು ಆರ್‌ಸಿ. ಎಂವೈ ಅಕ್ಷರಗಳಿಂದ ಶುರುವಾಗುವ ಮೈಸೂರು ರಾಜ್ಯದ ನಂಬರ್ ಇದ್ದರೆ ನೋಡಲು ಚಂದ. ಆದರೆ ಚಾಮರಾಜನಗರ ಜಿಲ್ಲೆಯಾದದ್ದೇ 1997ರಲ್ಲಿ, ಹಾಗಾಗಿ ಹಳೆಯ ಕಡತ ಮೈಸೂರಿನಲ್ಲಿ ಹುಡುಕಬೇಕಾಗಿ ಬರಬಹುದು. ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಆರ್‌ಸಿಗೆ ಹೊಂದದ ಗಾಡಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡುವುದು ಒಳ್ಳೆಯದು.

ಬಿಡಿಭಾಗದ ವಿಷಯದಲ್ಲಿ ಚೇತಕ್ ಭಾಗ್ಯವಂತ ಗಾಡಿ. ಬೋರ್ ಪಿಸ್ಟನ್, ಗೇರ್ ಕ್ರಾಸ್, ಕ್ಲಚ್ ಪ್ಲೇಟ್, ವೈರುಗಳು ಇಂದಿಗೂ ಮೈಸೂರು, ಬೆಂಗಳೂರಿನ ಅಂಗಡಿಗಳಲ್ಲಿ ಸಿಗುತ್ತವೆ. ವಿಜಯ್ ಸೂಪರ್‌ಗೆ ಸ್ವಲ್ಪ ಹುಡುಕಾಟ ಬೇಕು. ಲೂನಾದ ಹಳೆಯ ಮಾದರಿಗಳಿಗೆ ಗುಜರಿಯೇ ಗತಿ.

ಇನ್ನು ಟ್ಯೂನಿಂಗ್. ನಮ್ಮ ಹುಡುಗರಿಗೆ ಟ್ಯೂನಿಂಗ್ ಎಂದರೆ ಸೈಲೆನ್ಸರ್ ಕೊರೆದು ಸದ್ದು ಹೆಚ್ಚಿಸುವುದು, ಪೋರ್ಟ್ ಉಜ್ಜಿ ವೇಗ ಹೆಚ್ಚಿಸುವುದು. ಕೊಳ್ಳೇಗಾಲದ ಸುತ್ತ ಇರುವ ರಸ್ತೆಗಳಿಗೆ ಅದು ತಪ್ಪು ದಾರಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಟೂ ಸ್ಟ್ರೋಕ್ ಎಂಜಿನ್ನಿನ ಸೈಲೆನ್ಸರ್ ಬರಿಯ ಹೊಗೆ ಕೊಳವೆಯಲ್ಲ. ಅದರ ಒಳಗಿಂದ ಹಿಂದಕ್ಕೆ ಬಡಿಯುವ ಒತ್ತಡವೇ ಹೊಸ ಪೆಟ್ರೋಲನ್ನು ಸಿಲಿಂಡರಿನಲ್ಲಿ ತಡೆದಿಡುತ್ತದೆ. ಅದನ್ನು ಕೊರೆದರೆ ಸದ್ದು ಏರುತ್ತದೆ, ಏರುದಾರಿಯಲ್ಲಿ ಎಳೆಯುವ ಶಕ್ತಿ ಇಳಿಯುತ್ತದೆ. ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಆ ಸದ್ದು ಮಾಡುವುದು ಪ್ರಾಣಿಗಳಿಗೂ ಅನ್ಯಾಯ.

ಹದಕ್ಕೆ ತರುವುದು ಎಂದರೆ ಕಾರ್ಖಾನೆ ಕೊಟ್ಟ ಅಳತೆಗೆ ಮರಳಿಸುವುದು. ಚೇತಕ್ಕಿನ ಬೋರ್ 57 ಮಿ.ಮೀ., ಪಿಸ್ಟನ್ ಓಡುವ ದೂರವೂ 57 ಮಿ.ಮೀ., ಒಟ್ಟು 145.45 ಸಿಸಿ. ಸವೆದ ಸಿಲಿಂಡರನ್ನು ಲೇತಿಗೆ ಒಯ್ದು ಬೋರ್ ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕುವುದು ರೂಢಿ. ಇಲ್ಲಿ ಲೇತಿನವರ ಕೈಯೇ ಎಲ್ಲ. ಪಿಸ್ಟನ್‌ಗೂ ಗೋಡೆಗೂ ನಡುವೆ ಕೂದಲಿನಷ್ಟು ಜಾಗ ಕಡಿಮೆಯಾದರೂ ಬಿಸಿಯಾದಾಗ ಸೀಜ್ ಆಗುತ್ತದೆ. ಅದಾದ ಮೇಲೆ ಆಯಿಲ್ ಸೀಲ್. ಕ್ರ್ಯಾಂಕಿನ ಎರಡು ಬದಿಯ ಸೀಲುಗಳು ಗಟ್ಟಿಯಾಗಿಲ್ಲದಿದ್ದರೆ ಒಂದು ಬದಿಯಿಂದ ಗಾಳಿ ನುಗ್ಗಿ ಎಂಜಿನ್ ತಾನಾಗಿಯೇ ರೇಸ್ ಆಗುತ್ತದೆ, ಇನ್ನೊಂದು ಬದಿಯಿಂದ ಗೇರ್ ಆಯಿಲ್ ಎಳೆದುಕೊಂಡು ಬಿಳಿಹೊಗೆ ಉಗುಳುತ್ತದೆ. ಹೀಗಾದಾಗ ಕಾರ್ಬುರೇಟರ್ ಸ್ಕ್ರೂ ತಿರುಗಿಸುತ್ತಾ ಕೂರುವವರೇ ಬಹಳ. ಅನುಭವಿಗಳು ಅಂಥವರಿಗೆ ಹೇಳುವುದು, "ಸೀಲೇ ಹೋಗಿರುವಾಗ ಜೆಟ್ ಬದ್ಲಾಯ್ಸಿ ಏನ್ ಬಂತು ಕನಣ್ಣ, ಮೊದ್ಲು ಎಂಜಿನ್ ಇಳ್ಸು" ಎಂದು.

ಆಮೇಲೆ ಕರೆಂಟು. ಹಳೆಯ ಗಾಡಿಗಳಲ್ಲಿ ಮ್ಯಾಗ್ನೆಟ್ಟಿನೊಳಗೆ ಪಾಯಿಂಟ್ ಇರುತ್ತದೆ. ಅದರ ಬಾಯಿ ತೆರೆಯುವುದು ಸುಮಾರು 0.4 ಮಿ.ಮೀ. ಇರಬೇಕು. ಅದು ಸವೆದಂತೆ ಕಿಡಿ ಹೊತ್ತುವ ಗಳಿಗೆಯೂ ಜರುಗುತ್ತದೆ. ಆದ್ದರಿಂದ ಮೊದಲು ಪಾಯಿಂಟ್, ಆಮೇಲೆ ಟೈಮಿಂಗ್, ಕೊನೆಗೆ ಕಾರ್ಬುರೇಟರ್ ಎಂಬ ಕ್ರಮ ತಪ್ಪಬಾರದು. ಪಾಯಿಂಟ್ ತೆಗೆದು ಸಿಡಿಐ ಎಂಬ ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ ಹಾಕಿಸುವುದನ್ನು ಕೆಲವರು ಗಾಡಿಯ ಮೂಲರೂಪ ಕೆಡಿಸಿದಂತೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಂತರದ ಚೇತಕ್‌ಗಳಲ್ಲಿ ಕಂಪನಿಯೇ ಅದನ್ನು ಕೊಟ್ಟಿತು. ಹೊರಗೆ ಕಾಣದ, ಬೇಕೆಂದಾಗ ಹಿಂದಕ್ಕೆ ಬದಲಾಯಿಸಬಹುದಾದ ತಿದ್ದುಪಡಿಯಿಂದ ಗಾಡಿ ದಿನವೂ ಓಡುವಂತಾದರೆ ಅದು ಲಾಭವೇ.

ಕಾರ್ಬುರೇಟರ್ ಹದ ಮಾಡುವಾಗ ಈ ಸೀಮೆಯ ನೆಲದ ಏರಿಳಿತ ಮುಖ್ಯ. ಕೊಳ್ಳೇಗಾಲ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಬಿಳಿಗಿರಿರಂಗನ ಬೆಟ್ಟದ ದೇವಸ್ಥಾನ 1,500 ಮೀಟರ್ ದಾಟುತ್ತದೆ. ಅಷ್ಟು ಎತ್ತರದಲ್ಲಿ ಗಾಳಿ ಕೊಳ್ಳೇಗಾಲದ್ದಕ್ಕಿಂತ ಶೇ 8–9ರಷ್ಟು ತೆಳು. ಗಾಳಿ ಕಡಿಮೆಯಾಗಿ ಪೆಟ್ರೋಲ್ ಅಷ್ಟೇ ಇದ್ದರೆ ಎಂಜಿನ್ ಮಂಕಾಗುತ್ತದೆ, ಪ್ಲಗ್ ಕಪ್ಪಾಗುತ್ತದೆ. ಬೆಟ್ಟದ ಮೇಲೆ ನಿಂತು ಸ್ಕ್ರೂ ತಿರುಗಿಸಿ, ಜೆಟ್ ಕಡಿಮೆ ಮಾಡಿ ಸರಿಮಾಡಿಕೊಳ್ಳುವ ಆಸೆ ಸಹಜ. ಹಾಗೆ ಮಾಡಿದ ಗಾಡಿ ಕೆಳಗಿಳಿದು ಯಳಂದೂರಿನ ಬಯಲಿಗೆ ಬಂದಾಗ ಪೆಟ್ರೋಲ್ ಸಾಲದೆ ಕಾದು ಸೀಜ್ ಆಗುವ ಅಪಾಯವಿದೆ. ಬಯಲಿನಲ್ಲೇ ಹದ ಮಾಡಿ, ಬೆಟ್ಟದ ಮೇಲಿನ ಮಂಕನ್ನು ಸಹಿಸಿಕೊಳ್ಳಬೇಕು.

ಇದಕ್ಕೆ ಈಗ ಎಥನಾಲ್ ಸೇರಿಕೊಂಡಿದೆ. ಬಂಕುಗಳಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಪೂರ್ತಿ ಉರಿಯಲು ಹಳೆಯ ಪೆಟ್ರೋಲಿಗಿಂತ ಸುಮಾರು ಶೇ 8ರಷ್ಟು ಕಡಿಮೆ ಗಾಳಿ ಸಾಕು. ಎಂದರೆ ಹಳೆಯ ಜೆಟ್ ಹಾಗೇ ಬಿಟ್ಟರೆ ಎಂಜಿನ್ನಿಗೆ ಪೆಟ್ರೋಲ್ ಕೊರತೆಯಾಗುತ್ತದೆ. ಮೇನ್ ಜೆಟ್ಟನ್ನು ಒಂದೆರಡು ನಂಬರ್ ಏರಿಸಿ, ಪ್ಲಗ್ ಬಿಚ್ಚಿ ತುದಿ ಕಂದುಬಣ್ಣದಲ್ಲಿದೆಯೇ ನೋಡಿಕೊಳ್ಳಬೇಕು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ವಾರಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಮತ್ತು ಎಥನಾಲ್ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನ್ ಸವೆಯದಂತೆ ಪೆಟ್ರೋಲಿಗೆ ಬೆರೆಸಿದ ಟೂಟಿ ಆಯಿಲ್ ಇರುವುದು ಮೇಲಿನ ಪೆಟ್ರೋಲಿನಲ್ಲಿ, ಎಂಜಿನ್ ಕುಡಿಯುವುದು ತಳದ ನೀರನ್ನು. ಹಾಗಾಗಿ ಲೀಟರಿಗೆ 20 ಮಿ.ಲೀ. ಆಯಿಲ್ ಲೆಕ್ಕ ಸರಿಯಾಗಿ ಹಾಕಿದವರ ಪಿಸ್ಟನ್ನೂ ಕಚ್ಚಿಕೊಂಡೀತು. ನಿಲ್ಲಿಸುವ ಗಾಡಿಯ ಟ್ಯಾಂಕ್ ಖಾಲಿ ಮಾಡಿ, ಪೈಪು ಮತ್ತು ಟ್ಯಾಪಿನ ವಾಷರ್ ವರ್ಷಕ್ಕೊಮ್ಮೆ ಬದಲಾಯಿಸುವುದು ಈಗ ಕಡ್ಡಾಯವೆಂದೇ ತಿಳಿಯಬೇಕು.

ಓಡಿಸುವ ಸುಖಕ್ಕೆ ಈ ಸೀಮೆಯಲ್ಲಿ ಎರಡು ದಾರಿಗಳು ಸಾಕು. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳುಬೆಟ್ಟದ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿ.ಮೀ. ಒಂದು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಸುಮಾರು 24 ಕಿ.ಮೀ. ಇನ್ನೊಂದು. ಏರುವಾಗ ಸ್ಕೂಟರಿಗೆ ಯೆಜ್ಡಿಗಿಲ್ಲದ ಒಂದು ಅನುಕೂಲವಿದೆ. ಯೆಜ್ಡಿ ಎಂಜಿನ್ ತಣ್ಣಗಾಗುವುದು ಎದುರುಗಾಳಿಯಿಂದ, ವೆಸ್ಪಾ ಮತ್ತು ಲ್ಯಾಂಬ್ರೆಟಾದ್ದು ಮ್ಯಾಗ್ನೆಟ್ಟಿನ ಫ್ಯಾನಿನಿಂದ. ತಿರುವಿನಲ್ಲಿ ಬಸ್ಸಿನ ಹಿಂದೆ ತೆವಳುತ್ತಿದ್ದರೂ ಎಂಜಿನ್ ತಿರುಗುತ್ತಿರುವಷ್ಟು ಹೊತ್ತು ಗಾಳಿ ಬೀಳುತ್ತದೆ. ಆದ್ದರಿಂದ ಪೆಟ್ರೋಲ್ ಉಳಿಸಲೆಂದು ಮೂರನೇ ಗೇರಿನಲ್ಲಿ ನರಳಿಸುವುದಕ್ಕಿಂತ ಎರಡನೇ ಗೇರಿಗೆ ಇಳಿಸಿ ಚುರುಕಾಗಿ ತಿರುಗಿಸುವುದು ಎಂಜಿನ್ನಿಗೆ ಹಿತ.

ಇಳಿಯುವುದು ಏರುವುದಕ್ಕಿಂತ ಕಷ್ಟ, ಈ ಮಾತನ್ನು ಹೊಸಬರು ಬೇಗ ನಂಬುವುದಿಲ್ಲ. ಡ್ರಮ್ ಬ್ರೇಕು ಚಿಕ್ಕದು, ಉದ್ದಕ್ಕೂ ಒತ್ತಿಹಿಡಿದರೆ ಕಾದು ಹಿಡಿತ ಬಿಡುತ್ತದೆ. ಹಾಗಾಗಿ ಗೇರಿನ ಹಿಡಿತದಲ್ಲೇ ಇಳಿಯಬೇಕು. ಆದರೆ ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬರುವುದು ಪೆಟ್ರೋಲಿನ ಜೊತೆಗೇ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಎರಡನೇ ಗೇರಿನಲ್ಲಿ ಜೋರಾಗಿ ತಿರುಗುತ್ತಾ ಇಳಿದರೆ ಪಿಸ್ಟನ್ನಿಗೆ ಆಯಿಲ್ಲೇ ಸಿಗುವುದಿಲ್ಲ. ಬ್ರೇಕ್ ಉಳಿಸಲು ಹೋದರೆ ಪಿಸ್ಟನ್ ಕೆಡುತ್ತದೆ, ಪಿಸ್ಟನ್ ಉಳಿಸಲು ನ್ಯೂಟ್ರಲ್ ಮಾಡಿದರೆ ಬ್ರೇಕ್ ಕೆಡುತ್ತದೆ. ಅನುಭವಸ್ಥರು ಕಂಡುಕೊಂಡ ದಾರಿ ಹೀಗಿದೆ: ಗೇರಿನಲ್ಲೇ ಇಳಿಯುತ್ತಾ, ತಿರುವುಗಳ ನಡುವೆ ಒಂದು ಕ್ಷಣ ಕ್ಲಚ್ ಹಿಡಿದು ಆಕ್ಸಿಲರೇಟರ್ ತಿರುವಿ ಎಂಜಿನ್ನಿಗೆ ಒಂದು ಗುಟುಕು ಕುಡಿಸುವುದು. ಮಹದೇಶ್ವರ ಬೆಟ್ಟದ ಘಾಟಿಯಲ್ಲಿ ಹಳೆಯ ಸ್ಕೂಟರುಗಳು ಇಳಿಯುವಾಗ ಆಗಾಗ ಕೇಳುವ "ಬುರ್‌ರ್" ಸದ್ದಿಗೆ ಕಾರಣ ಇದೇ.

ಪಂಕ್ಚರ್ ಆದಾಗ ಸ್ಟೆಪ್ನಿ ಇರುವ ಗಾಡಿಯ ನೆಮ್ಮದಿ ಬೇರೆ. ಒಂದೇ ಎಚ್ಚರ: ಸ್ಕೂಟರಿನ ಡಿಸ್ಕು ಎರಡು ಹೋಳು ಸೇರಿಸಿ ನಟ್ಟು ಬಿಗಿದದ್ದು. ಗಾಳಿ ತುಂಬಿರುವಾಗ ಆ ನಟ್ಟುಗಳನ್ನು ಬಿಚ್ಚಿದರೆ ಹೋಳು ಸಿಡಿದು ಕೈಮುಖಕ್ಕೆ ಬಡಿಯುತ್ತದೆ. ಗಾಳಿ ಪೂರ್ತಿ ಇಳಿಸಿಯೇ ಬಿಚ್ಚಬೇಕು. ಆರು ವೋಲ್ಟಿನ ಹಳೆಯ ಗಾಡಿಗಳ ಹೆಡ್‌ಲೈಟ್ ಎಂಜಿನ್ ನಿಧಾನವಾದಾಗ ಮಂಕಾಗುತ್ತದೆ, ಆನೆ ಓಡಾಡುವ ಆ ದಾರಿಗಳಲ್ಲಿ ಕತ್ತಲಾಗುವ ಮುನ್ನ ಊರು ಸೇರುವುದೇ ಸರಿ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು.

ಕೊನೆಯದಾಗಿ ಕಾನೂನು. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ವಿಎ ಅಕ್ಷರಗಳು ಬರುತ್ತವೆ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಊರ್ಜಿತ. 1972ರ ಚೇತಕ್ ಮತ್ತು ಮೊದಲ ಲೂನಾಗಳು ಈಗಾಗಲೇ ಆ ಗಡಿ ದಾಟಿವೆ. ಆದರೆ ವಿಎ ಗಾಡಿಯನ್ನು ನಿತ್ಯ ಬಳಕೆಗೆ ರಸ್ತೆಗಿಳಿಸುವಂತಿಲ್ಲ; ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕಷ್ಟೇ ಅನುಮತಿ. ಸಂಗ್ರಹಕಾರರಿಗೆ ಇದು ಸರಿಹೊಂದಬಹುದು. ಕೊಳ್ಳೇಗಾಲದಿಂದ ಹನೂರಿನ ಸಂತೆಗೆ ಇನ್ನೂ ಸಾಮಾನು ಹೊರುತ್ತಿರುವ ಚೇತಕ್ಕಿನ ಯಜಮಾನರಿಗೆ ನನ್ನ ಸಲಹೆ ಬೇರೆ. ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಮಾಡಿಸುವ ಮಾಮೂಲಿ ನವೀಕರಣವನ್ನೇ ಬಿಡದೆ ಮಾಡಿಸಿ. 2022ರಿಂದ ಅದರ ಶುಲ್ಕ ಏರಿದೆ, ಹಸಿರು ತೆರಿಗೆಯೂ ಸೇರುತ್ತದೆ, ಆದರೂ ಗಾಡಿ ರಸ್ತೆಯ ಮೇಲೆ ಉಳಿಯುತ್ತದೆ. ತಪಾಸಣೆಗೆ ಒಯ್ಯುವ ಮುನ್ನ ಪಾಯಿಂಟ್ ಬಲ್ಲ ಮೆಕಾನಿಕ್ಕಿನ ಬಳಿ ನಿಲ್ಲಿಸಿ, ಮನೆಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದೊಯ್ಯಿರಿ, ಎಂಜಿನ್ ಬಿಚ್ಚುವಾಗ ಅವರೂ ಪಕ್ಕದಲ್ಲಿ ಕೂತು ನೋಡಲಿ.